ಊರಿನ ಮೊದಲ ಚುಕ್ಕಿ

ಆ ಭಾನುವಾರ ಮುತ್ತಿನಕೊಪ್ಪದಲ್ಲಿ ಹೊತ್ತೇರಿದರೂ ಮಂಜು ಕರಗಿರಲಿಲ್ಲ. ಹಲ್ಲುಜ್ಜುತ್ತ ಅಂಗಳದಲ್ಲಿ ನಿಂತಿದ್ದ ಸಿರಿಗೆ ಎದುರುಮನೆ ಸೀತಕ್ಕನ ಕೊಟ್ಟಿಗೆ ಕಾಣುತ್ತಿರಲಿಲ್ಲ. ಸೀತಕ್ಕನ ದನಿ ಮಾತ್ರ ಮಂಜಿನೊಳಗಿಂದ ಬಂತು.

"ಶಂಕರಮ್ಮಾ, ಬಾರೇ ಇಲ್ಲಿ. ಯಾರೋ ಮಾಟ ಮಾಡ್ಸಿದಾರೆ."

ಸಿರಿಯ ಅಮ್ಮ ಶಂಕರಮ್ಮ ಒಲೆಯ ಮೇಲಿನ ಹಾಲನ್ನೂ ಮರೆತು ಓಡಿದರು. ಸಿರಿ ಬ್ರಷ್ಷನ್ನು ಬಾಯಲ್ಲೇ ಕಚ್ಚಿಕೊಂಡು ಹಿಂದೆ ಹೋದಳು.

ಕೊಟ್ಟಿಗೆಯ ಬಾಗಿಲಲ್ಲಿ ಸೀತಕ್ಕ ಕೋಲು ಹಿಡಿದು ನಿಂತಿದ್ದರು. ಗೋಡೆಯ ಕಲ್ಲಿನ ಸಂದಿಯಲ್ಲಿ ಒಂದು ಡಬ್ಬಿ ಸಿಕ್ಕಿತಂತೆ. ಮುಚ್ಚಳ ತೆಗೆದರೆ ಒಳಗೆ ಗೊಂಬೆ. ಈಗ ಅದು ನೆಲದ ಮೇಲೆ ಬಿದ್ದಿತ್ತು. ಮೈತುಂಬ ಕೆಂಪು ದಾರ, ಭುಜಕ್ಕೆ ಚುಚ್ಚಿದ ಪಿನ್ನು. ನಿನ್ನೆಯಿಂದ ಗೌರಿ ಒದೆಯುತ್ತಿದೆ, ಕೆಚ್ಚಲು ಮುಟ್ಟಲು ಬಿಡುತ್ತಿಲ್ಲ, ಎಲ್ಲ ಇದರಿಂದಲೇ ಎಂದು ಸೀತಕ್ಕ ಹಸುವಿನ ಕಡೆ ಕೈ ತೋರಿಸಿದರು.

ಸಿರಿಯ ಬಾಯೊಳಗಿನ ನೊರೆ ಗಂಟಲಿಗಿಳಿಯಿತು. ಆ ಡಬ್ಬಿ ಅವಳದು.

ಹೋದ ವಾರ ಶಿವಮೊಗ್ಗದಿಂದ ನೆಂಟರ ಪೈಕಿಯ ಕಾಂತೇಶಣ್ಣ ಬಂದಿದ್ದಾಗ ಫೋನಿನಲ್ಲಿ ಒಂದು ವೆಬ್‌ಸೈಟ್ ತೋರಿಸಿದ್ದ. ಎಲ್ಲೆಲ್ಲಿಯದೋ ಜನ ಆಡುವ ಆಟ ಅದು. ಡಬ್ಬಿಯೊಂದರಲ್ಲಿ ಪುಟ್ಟ ಸಾಮಾನು ಹಾಕಿ ಅಡಗಿಸಬೇಕು. ಮ್ಯಾಪಿನಲ್ಲಿ ಆ ಜಾಗಕ್ಕೆ ಚುಕ್ಕಿ ಇಡಬೇಕು. ಗುರುತಿಲ್ಲದವರು ಯಾರೋ ಮ್ಯಾಪು ನೋಡುತ್ತ ಹುಡುಕಿಕೊಂಡು ಬರುತ್ತಾರೆ. ಕಾಂತೇಶಣ್ಣನಿಗೆ ಶಿವಮೊಗ್ಗದ ಒಂದು ಪಾರ್ಕಿನಲ್ಲಿ ಹಾಗೆ ಗಾಜಿನ ಗೋಲಿ ಸಿಕ್ಕಿತ್ತು.

ಮುತ್ತಿನಕೊಪ್ಪದಲ್ಲಿ ಮಾತ್ರ ಒಂದು ಚುಕ್ಕಿಯೂ ಇರಲಿಲ್ಲ. ಮೊದಲ ಚುಕ್ಕಿ ತನ್ನದಾಗಬೇಕೆಂದು ಸಿರಿ ಹಳೇ ಗೊಂಬೆಗೆ ಬಟ್ಟೆ ಸುತ್ತಿದಳು, ಬಟ್ಟೆ ಜಾರದ ಹಾಗೆ ದಾರ ಬಿಗಿದಳು, ಕಳಚುತ್ತಿದ್ದ ಕೈಗೆ ಪಿನ್ನು ಹಾಕಿದಳು, ಡಬ್ಬಿಯಲ್ಲಿಟ್ಟು ಸೀತಕ್ಕನ ಕೊಟ್ಟಿಗೆಯ ಗೋಡೆಯಲ್ಲಿ ಅಡಗಿಸಿದಳು. ಇಡುವ ಮೊದಲು ಜಾಗದವರನ್ನು ಕೇಳು ಎಂದು ಕಾಂತೇಶಣ್ಣ ಹೇಳಿ ಹೋಗಿದ್ದ. ಕೇಳಿಬಿಟ್ಟರೆ ಸರ್ಪ್ರೈಸ್ ಎಲ್ಲಿ ಉಳಿಯುತ್ತದೆ ಎಂದು ಅವಳು ಕೇಳಿರಲಿಲ್ಲ.

ಈಗಲೇ ಹೇಳಿಬಿಡೋಣ ಎಂದು ಸಿರಿ ಬಾಯಿಂದ ಬ್ರಷ್ಷು ತೆಗೆದಳು. ಅಷ್ಟರಲ್ಲಿ ಸೀತಕ್ಕ ಕೋಲಿನ ತುದಿಯಿಂದ ಗೊಂಬೆಯನ್ನು ಮಗುಚಿದರು.

"ಈ ಬಟ್ಟೆ ನೋಡೇ. ನಾನು ದೇವಕಿ ಹತ್ರ ಹೊಲ್ಸಿದ ರವಿಕೆದೇ ತುಂಡು. ಮೊನ್ನೆ ಇಲ್ಲಿಗೇ ಬಂದು, ಹಸು ಎಷ್ಟು ಹಾಲು ಕೊಡ್ತದೆ ಸೀತಕ್ಕ ಅಂತ ಕೇಳಿದ್ಲು ಮಾರಾಯ್ತಿ. ಆಗ್ಲೇ ನನ್ನೆದೆ ಧಸಕ್ ಅಂದಿತ್ತು."

ದೇವಕಿ ಈಚೆಗೆ ಸೀತೂರಿನಿಂದ ಬಂದು ಸಿರಿಯ ಮನೆಯ ಪಕ್ಕದ ಕೋಣೆಯಲ್ಲಿ ಬಾಡಿಗೆಗಿದ್ದವರು. ಹೊಲಿಗೆ ಮೆಷಿನ್ನೇ ಅವರಿಗೆ ಅನ್ನ. ಸೀತಕ್ಕ ಗೊಂಬೆಯನ್ನು ಕೋಲಿನ ತುದಿಗೆ ಸಿಕ್ಕಿಸಿಕೊಂಡು ರಸ್ತೆ ದಾಟಿ ಹೋಗಿ ಕರೆದಾಗ ಅವರು ತಮ್ಮ ಬಾಗಿಲಿಗೆ ಬಂದು ಗೊಂಬೆಯನ್ನು ನೋಡಿದರು. ಆಮೇಲೆ ಅಮ್ಮನ ಹಿಂದೆ ನಿಂತ ಸಿರಿಯನ್ನು ನೋಡಿದರು. ಆಟಕ್ಕಿರಲಿ ಎಂದು ಆ ತುಂಡುಗಳನ್ನು ಸಿರಿಯ ಕೈಗೆ ಹಾಕಿದ್ದು ಅವರೇ.

"ಬಟ್ಟೆ ನಂದೇ ಸೀತಕ್ಕ," ಎಂದರು. "ಗೊಂಬೆ ನಂದಲ್ಲ."

ಮತ್ತೆ ಯಾರದು ಎಂದು ಸೀತಕ್ಕ ಕೇಳಿದರು. ದೇವಕಿ ನೆಲ ನೋಡಿದರು.

ಸೀತಕ್ಕ ಅವರನ್ನು ದಾಟಿಕೊಂಡು ಒಳಗೆ ನುಗ್ಗಿ, ಅಳತೆಗೆಂದು ಕೊಟ್ಟಿದ್ದ ತಮ್ಮ ಹಳೇ ರವಿಕೆಯನ್ನು ಎಳೆದುಕೊಂಡು ಬಂದರು. ಮೈಗೆ ತೊಟ್ಟ ಬಟ್ಟೆ ಮಾಟದವರ ಕೈಯಲ್ಲಿ ಇರಬಾರದಂತೆ. ಮಧ್ಯಾಹ್ನದೊಳಗೆ ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ರವಿಕೆ ಒಯ್ದರು. ಸಿರಿಯ ಅಮ್ಮನೂ ಹೋಗಿ ತಂದರು. ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ಸಿರಿಗೆ ಇಷ್ಟು ಭಯವಾಗುತ್ತಿರಲಿಲ್ಲ.

ಇಡೀ ದಿನ ಮೆಷಿನ್ನಿನ ಸದ್ದಿಲ್ಲ. ಸಿರಿ ಫೋನ್ ತೆಗೆದು ಮ್ಯಾಪಿನಲ್ಲಿದ್ದ ತನ್ನ ಚುಕ್ಕಿಯನ್ನು ಅಳಿಸಿದಳು. ಅಳಿಸಿದ ಮೇಲೂ ಊಟ ಸೇರಲಿಲ್ಲ.

ದೀಪ ಹಚ್ಚಿದ ಅಮ್ಮ ಅವಳ ಹಣೆಗೆ ವಿಭೂತಿ ಹಚ್ಚಿ, ಶಿವನಿಗೆ ಕೈಮುಗಿ ಎಂದರು. ಸಿರಿ ಕಣ್ಣು ಮುಚ್ಚಿದಳು. ಶಿವ ಬರಲಿಲ್ಲ, ನೆಲ ನೋಡುತ್ತ ನಿಂತ ದೇವಕಿ ಆಂಟಿ ಬಂದರು. ಸಿರಿ ಎದ್ದು ಬರಿಗಾಲಲ್ಲೇ ಕೊಟ್ಟಿಗೆಯಲ್ಲಿದ್ದ ಸೀತಕ್ಕನ ಬಳಿಗೆ ಓಡಿದಳು.

"ದೊಡ್ಡಮ್ಮ, ಆ ಗೊಂಬೆ ನಂದು."

"ಸುಮ್ನಿರೇ ಹುಡ್ಗಿ. ಸಂಜೆ ಹೊತ್ತು ಅದರ ಹೆಸ್ರು ಎತ್ಬೇಡ."

"ನಂದೇ. ಒಂದು ಗೇಮಿಗೆ ಅಂತ ಇಟ್ಟಿದ್ದೆ. ಕೈ ಲೂಸಾಗಿತ್ತು, ಅದಕ್ಕೆ ಪಿನ್ನು. ಬಟ್ಟೆ ದೇವಕಿ ಆಂಟಿ ಕೊಟ್ಟಿದ್ರು. ಅವ್ರಿಗೆ ಗೊತ್ತಿತ್ತು. ಆದ್ರೂ ನನ್ನ ಹೆಸ್ರು ಹೇಳ್ಲಿಲ್ಲ."

ಸೀತಕ್ಕ ಕಂಬ ಹಿಡಿದುಕೊಂಡರು. "ಹಂಗಾದ್ರೆ ಗೌರಿ ಯಾಕೆ ಒದ್ದಿದ್ದು?" ಎಂದರು, ಯಾರನ್ನೋ ಕೇಳುವ ಹಾಗೆ.

ಹಿಂದೆಯೇ ಬಂದಿದ್ದ ಅಮ್ಮ ಟಾರ್ಚ್ ಹಿಡಿದು ಬಗ್ಗಿದರು. ಕೆಚ್ಚಲಿನ ಮಗ್ಗುಲಲ್ಲಿ ಮುಳ್ಳು ಗೀರಿದ ಗಾಯವೊಂದು ಕೆಂಪಗೆ ಬಾತಿತ್ತು. ನಿನ್ನೆಯಿಂದ ಅಲ್ಲಿ ಯಾರೂ ನೋಡಿರಲಿಲ್ಲ.

ಅಮ್ಮ ಬೈಯುತ್ತಾರೆ ಎಂದು ಸಿರಿ ಕಾದಳು. ಅಮ್ಮ ಬೈಯಲಿಲ್ಲ. ತಪ್ಪು ಮಾಡಿ ಟೀಚರ್ ಮುಂದೆ ನಿಂತ ಹುಡುಗಿಯ ಹಾಗಿತ್ತು ಅವರ ಮುಖ. ದೊಡ್ಡವರಿಗೂ ಹೀಗಾಗುತ್ತದೆ ಎಂದು ಸಿರಿಗೆ ಗೊತ್ತಿರಲಿಲ್ಲ.

ಸೀತಕ್ಕ ಮನೆಯೊಳಗೆ ಹೋಗಿ ಬಂದರು. ಮೂವರೂ ರಸ್ತೆ ದಾಟಿದರು.

ದೇವಕಿಯ ಕೋಣೆಯಲ್ಲಿ ಮೆಷಿನ್ನಿಗೆ ಹೊದಿಕೆ ಹಾಕಿತ್ತು. ಅವರು ಬ್ಯಾಗಿಗೆ ಸೀರೆಗಳನ್ನು ತುಂಬುತ್ತಿದ್ದರು. ನಾಳೆ ಬೆಳಗಿನ ಬಸ್ಸಿಗೆ ಸೀತೂರಿಗೆ ಹೊರಟೆ ಎಂದರು, ತಲೆಯೆತ್ತದೆ.

ಕ್ಷಮೆ ಕೇಳಲೆಂದು ಸಿರಿ ಮುಂದೆ ಹೋದಳು. ಬರೀ ಅಳು ಬಂತು. ದೇವಕಿ ಬ್ಯಾಗು ಬಿಟ್ಟು ಎದ್ದು ಬಂದರು.

"ವಿಭೂತಿ ಎಲ್ಲ ಕಣ್ಣಿಗೆ ಇಳೀತು ನೋಡು," ಎನ್ನುತ್ತ ಸೆರಗಿನಿಂದ ಮೆಲ್ಲಗೆ ಒರೆಸಿದರು.

ಬೆಳಿಗ್ಗೆ ಅವರು ನೆಲ ನೋಡುತ್ತ ನಿಂತದ್ದು ತನ್ನನ್ನು ಯಾರೂ ಬೈಯದಿರಲೆಂದೇ ಎಂದು ಸಿರಿಗೆ ಆಗ ತಿಳಿಯಿತು. ಅಮ್ಮ ತಮ್ಮ ರವಿಕೆ ತರಲು ಮನೆ ಕಡೆ ತಿರುಗಿದರು.

ಸೀತಕ್ಕ ಮೆಷಿನ್ನಿನ ಹೊದಿಕೆ ಸರಿಸಿದರು. ಸೆರಗಿನಡಿಯಿಂದ ತಮ್ಮ ಹಳೇ ರವಿಕೆ ತೆಗೆದು, ಮಡಿಕೆ ಸರಿಮಾಡಿ, ಮೆಷಿನ್ನಿನ ಮೇಲೆ ಇಟ್ಟರು.