ಗುಬ್ಬಿ ನುಂಗಿದ ಪ್ಲೇಯರ್

"ರೀ, ನಿಮ್ಮ ಈ ಪ್ಲೇಯರ್ ನನ್ನ ಗುಬ್ಬೀನ ನುಂಗಿಬಿಟ್ಟಿದೆ!"

ಗಾಜಿನ ಮೇಜಿನಾಚೆ ಕೂತಿದ್ದ ಅಂಗಡಿಯವನು ತಲೆಯೆತ್ತಿದ. ಎದುರಿಗೆ ನೂಲಿನ ಗಿರಣಿಯ ಹುಡುಗಿ. ಕೂದಲಲ್ಲಿ ಹತ್ತಿಯ ಎಳೆ, ಕಣ್ಣಲ್ಲಿ ಕೆಂಡ.

"ಗುಬ್ಬೀನಾ...? ಯಾವ ಗುಬ್ಬಿ ಮೇಡಂ?"

ಅವಳು ಮೆಮೊರಿ ಕಾರ್ಡ್ ಚಾಚಿದಳು. ಅದರಲ್ಲಿ ತೀರಿಹೋದ ಅಜ್ಜಿ ಓದಿದ ಪದ್ಯಗಳಿದ್ದವು. ಎರಡನೇ ಪದ್ಯ ಮುಗಿದು ಅಜ್ಜಿ ಉಸಿರೆಳೆದುಕೊಳ್ಳುವ ಹೊತ್ತಿಗೆ ಕಿಟಕಿಯಲ್ಲೊಂದು ಗುಬ್ಬಿ ಚಿಲಿಪಿಲಿಗುಟ್ಟುತ್ತಿತ್ತು. ಅಜ್ಜಿ ನಕ್ಕು, ಅದಕ್ಕೆ "ನೀನೂ ಹೇಳಮ್ಮ" ಎನ್ನುತ್ತಿದ್ದರು. ಗಿರಣಿಯ ಯಂತ್ರಗಳ ಅಬ್ಬರದ ನಡುವೆ ಅವಳು ವರ್ಷಗಟ್ಟಲೆ ಕಿವಿಗಿಟ್ಟುಕೊಂಡದ್ದು ಆ ದನಿಯನ್ನೇ. ಹಳೆಯ ಪ್ಲೇಯರ್ ಕೆಟ್ಟಿತು. ಮೊನ್ನೆ ಕೊಂಡ ಹೊಸದರಲ್ಲಿ ಅಜ್ಜಿ ನಗುತ್ತಾರೆ, ಗುಬ್ಬಿ ಮಾತ್ರ ಇಲ್ಲ!

"ಕಿವಿಗೆ ಹಿತವಾಗಿರೋದು ಕೊಡಿ. ಗುಬ್ಬಿ ಇರೋದು ಕೊಡಿ."

ಅವನು ಒಂದೊಂದೇ ಪ್ಲೇಯರಿಗೆ ಕಾರ್ಡ್ ಹಾಕಿ, ತಾನೊಮ್ಮೆ ಕೇಳಿ, ಇಯರ್‌ಫೋನ್ ಅವಳಿಗೆ ಕೊಟ್ಟ. ಕೈಗೆ ಸಿಕ್ಕಿದ್ದೇ ತಡ, ಅವಳು ವಾಲ್ಯೂಮನ್ನು ಕೊನೆಯವರೆಗೂ ಏರಿಸಿಬಿಡುತ್ತಿದ್ದಳು.

"ಮೃದುವಾಗಿದೆ, ಹಿತವಾಗಿದೆ... ಆದ್ರೆ ಗುಬ್ಬಿ ಇಲ್ಲ."

ಇನ್ನೊಂದಕ್ಕೂ ಅದೇ ಮಾತು. ಅವನ ಮುಖದ ನಗು ಆರಿತು. 'ಇಷ್ಟು ಜೋರು ಇವಳಿಗೆ ಮೃದುವೇ...?'

"ಮುಂದಿನ ವಾರ ಹೊಸ ಮಾಲು ಬರುತ್ತೆ, ಬನ್ನಿ," ಎಂದ, ಅವಳ ಕಣ್ಣು ತಪ್ಪಿಸಿ.

ಅವಳು ಬಂದಳು. ಮತ್ತೂ ಬಂದಳು. ಪ್ರತಿ ಸಲವೂ ಅವನದು ಅದೇ ಮಾತು. 'ನನ್ನನ್ನು ನೋಡೋಕೇ ಸತಾಯಿಸ್ತಾನಾ?' ಸಿಟ್ಟು ಬರುತ್ತಿತ್ತು. ಆದರೂ ಅಂಗಡಿಗೆ ಹೊರಡುವ ಮುನ್ನ ಕೂದಲಿನ ಹತ್ತಿ ಕೊಡವಿಕೊಳ್ಳುವುದನ್ನು ಮರೆಯುತ್ತಿರಲಿಲ್ಲ.

ಒಂದು ಸಂಜೆ ಅವನ ಸೋದರಮಾವ ಬಾಗಿಲಲ್ಲೇ ಗಟ್ಟಿಯಾಗಿ ಕೂಗಿದರು. "ಬಂದ್ಳಪ್ಪಾ ನಿನ್ನ ಗುಬ್ಬಿ! ಒಂದು ಪ್ಲೇಯರ್ ಮಾರೋಕೆ ಇಷ್ಟು ದಿನಾನೇನೋ? ಲಗ್ನಪತ್ರಿಕೆ ಜೊತೆಗೇ ಕೊಡ್ತೀಯಾ?"

ಅವಳ ಮೈಯೆಲ್ಲ ಉರಿದುಹೋಯಿತು.

"ಓಹೋ! ಸತ್ತ ಅಜ್ಜಿ ದನಿ ಇಟ್ಕೊಂಡು ಹುಡುಗಾಟ ಆಡ್ತಿದ್ರಾ?"

"ಇಲ್ಲ ರೀ..."

"ಮತ್ತೆ ಯಾಕೆ ಒಂದೂ ಕೊಡ್ಲಿಲ್ಲ?"

ಅವನು ಕೈಲಿದ್ದ ಇಯರ್‌ಫೋನ್ ಕೆಳಗಿಟ್ಟ.

"ಗುಬ್ಬಿ... ಎಲ್ಲದರಲ್ಲೂ ಇದೆ. ನೀವು ವಾಪಸ್ ತಂದಿದ್ರಲ್ಲಾ, ಅದರಲ್ಲೂ ಇದೆ."

ಅವಳು ಗೋಡೆಯತ್ತ ನೋಡಿದಳು. ಗಡಿಯಾರದ ಮುಳ್ಳು ಜಿಗಿಯುತ್ತಿತ್ತು. ಅದರ ಟಿಕ್‌ಟಿಕ್ ಯಾವಾಗಿನಿಂದ ಇಲ್ಲ? ಕರೆದರೂ ತಿರುಗಿ ನೋಡಲಿಲ್ಲವೆಂದು ಅಕ್ಕ ಮುನಿಸಿಕೊಂಡದ್ದು... ಬಾಗಿಲ ಗಂಟೆ ಒತ್ತಿ ಸಾಕಾಗಿ ಹಾಲಿನವನು ಬೈದುಹೋದದ್ದು... ಯಾವುದೋ ಒಂದು ಸದ್ದಿಲ್ಲದೆ ಬಂದು, ಒಂದೊಂದು ದನಿಯನ್ನೇ ನುಂಗುತ್ತಾ ತನ್ನೊಳಗೇ ಕೂತಿತ್ತು!

ಕಾರ್ಡನ್ನೂ ಬಿಟ್ಟು ಓಡಿದಳು.

"ಯಂತ್ರದ ಸದ್ದು ಸಾಲದು ಅಂತ ಅದರ ಮೇಲೆ ಪ್ಲೇಯರ್ ಸದ್ದನ್ನೂ ಕಿವಿಗೆ ಸುರಿದ್ರಿ," ಎಂದರು ಕಿವಿಯ ವೈದ್ಯರು. "ಹೋಗಿದ್ದು ಬರಲ್ಲ ತಾಯಿ. ಉಳಿದಿದ್ದನ್ನ ಕಾಪಾಡ್ಕೊಳ್ಳಿ."

ಅದಾದರೂ ಉಳಿಯುತ್ತದೆಯೇ?

ಮತ್ತೆ ಅಂಗಡಿಯ ಮೆಟ್ಟಿಲು ಹತ್ತಿದಾಗ ಅವನು ಕಾರ್ಡನ್ನು ಎದೆಯ ಜೇಬಿನಿಂದ ತೆಗೆದ.

"ಮೊದಲ ದಿನಾನೇ ಹೇಳಬಾರದಿತ್ತಾ?"

"ಬಾಯಿ ಬರ್ಲಿಲ್ಲ. ಒಂದರಲ್ಲಾದ್ರೂ ನಿಮಗೆ ಕೇಳಿಸಲಿ ಅಂತ ದೇವರನ್ನ ಬೇಡ್ಕೊಂಡೆ. ತಪ್ಪಾಯ್ತು."

ಚಿಕ್ಕದೊಂದು ಪ್ಲೇಯರನ್ನು ಅವಳ ಮುಂದಿಟ್ಟ. "ಇದರ ದನಿ ಅರ್ಧದ ಮೇಲೆ ಏರದ ಹಾಗೆ ಮಾಡಿದ್ದೀನಿ. ಗಿರಣೀಲಿ ಬೇಡ. ಸದ್ದಿಲ್ಲದ ಕಡೆ ಕೂತು ಕೇಳಿ."

ಅವಳ ಕಿವಿಗೊಂದು, ಅವನ ಕಿವಿಗೊಂದು. ಅಜ್ಜಿಯ ದನಿ ಮೆಲ್ಲಗೆ, ಬೆಚ್ಚಗೆ ಬಂತು. ಎರಡನೇ ಪದ್ಯ ಮುಗಿಯಿತು. ಅದೇ ಭಯದ ಮೌನ...

ಆಗ ಅವಳ ಅಂಗೈ ಮೇಲೆ ಅವನ ಬೆರಳು ಪಟಪಟನೆ, ಹಗುರವಾಗಿ ತಟ್ಟಿತು.

"ನೀನೂ ಹೇಳಮ್ಮ," ಎಂದು ಅಜ್ಜಿ ನಕ್ಕರು.

ಅವಳ ಕಣ್ಣು ತುಂಬಿ ಬಂತು. "ಒಂದು ದಿನ ಅಜ್ಜಿ ದನೀನೂ ಹೋಗುತ್ತೆ... ನಿಮ್ಮ ದನೀನೂ. ಆಗ?"

"ಅಷ್ಟರಲ್ಲಿ ಪದ್ಯಾನೆಲ್ಲಾ ಬಾಯಿಪಾಠ ಮಾಡಿರ್ತೀನಿ. ಅಂಗೈ ಮೇಲೇ ತಟ್ಟಿ ಹೇಳ್ತೀನಿ. ದಿನಾ. ನೀವು ಹೂಂ ಅಂದ್ರೆ... ಕೊನೇ ತನಕ."

"ಗುಬ್ಬಿ ಸಮೇತಾನಾ?"

"ಗುಬ್ಬಿ ಸಮೇತ."

"ಹಾಗಾದ್ರೆ ಈಗಲೇ ಶುರು ಮಾಡಿ," ಎಂದು ಅವಳು ಇನ್ನೊಂದು ಅಂಗೈಯನ್ನೂ ಚಾಚಿದಳು.