ಜಿದ್ದಾಕ್ಕೆ ಹೊರಟ ಗಿಳಿಗಳು

"ಕೈ ಬಿಡಿ."

"ಮೊದ್ಲು ಉಳಿ ಕೆಳಗಿಡು."

ವೆಂಕಟ್ರಮಣನ ಹಿಡಿತದಲ್ಲಿದ್ದ ಆ ಹುಡುಗಿಯ ಮುಂಗೈ ಉಳಿ ಬಿಡಲಿಲ್ಲ. ಅದೇ ಅವನನ್ನು ಇನ್ನಷ್ಟು ಕೆರಳಿಸಿತು. ಊಟ ನಿದ್ದೆ ಬಿಟ್ಟು ಕೆತ್ತಿದ ಗಂಧದ ಪೆಟ್ಟಿಗೆ ಅದು. ಮುಚ್ಚಳದ ಬಳ್ಳಿಯ ಮೇಲೆ ಜೋಡಿ ಗಿಳಿಗಳಿದ್ದವು. ಈಗ ಒಂದಕ್ಕೆ ತಲೆಯೇ ಇಲ್ಲ.

"ಯಾರು ನೀನು?"

"ವಾಗ್ದೇವಿ. ಈ ಅಂಗಡಿ ಮಂಜುನಾಥಪ್ಪ ನನ್ನ ಸೋದರಮಾವ. ಪಾಲಿಶ್ ಕೆಲಸಕ್ಕೆ ಅಂತ ತೀರ್ಥಹಳ್ಳಿಯಿಂದ ಬಂದೆ."

"ನಿಮ್ಮೂರಲ್ಲಿ ಪಾಲಿಶ್ ಅಂದ್ರೆ ಕುತ್ತಿಗೆ ಕುಯ್ಯೋದಾ? ಗಿಳಿ ನಿಂಗೆ ಎಂತ ಮಾಡಿತ್ತು?"

"ಇದು ಜಿದ್ದಾಕ್ಕೆ ಹೋಗೋ ಮಾಲು ಅಂತ ಮಾವ ಅಂದ್ರು. ಗಿಳಿ ಇದ್ರೆ..."

"ಓಹೋ, ಮಾವ ಅಂದ್ರಾ? ಗೊತ್ತಾಯ್ತು ಬಿಡು. ವೀಸಾ ನನ್ನ ಹೆಸರಿಗೆ ಬಂತಲ್ಲ, ಅವ್ರಿಗೆ ಉರಿ. ಮಾಲು ಕೆಟ್ರೆ ನಾನು ಉಳೀತೀನಿ, ಅವ್ರು ಹೋಗ್ತಾರೆ. ಅದಕ್ಕೇ ನಿನ್ನ ಕರೆಸಿದ್ದು."

ವಾಗ್ದೇವಿ ಉಳಿ ಇಟ್ಟು ಎದ್ದಳು. ‘ಪೂರ್ತಿ ಕೇಳಿದ್ರೆ ಇವರ ಗಂಟೇನು ಹೋಗ್ತಿತ್ತು...’

ಅರವತ್ತಾರನೇ ಇಸವಿ. ಸಾಗರದ ಆ ಕೆತ್ತನೆ ಅಂಗಡಿಯಿಂದ ಅದುವರೆಗೆ ಯಾರೂ ಕಡಲು ದಾಟಿರಲಿಲ್ಲ. ಭಟ್ಕಳದ ವ್ಯಾಪಾರಿ ಹಸನ್ ಸಾಹೇಬರು ಅರಬ್ ದೇಶದ ಬಂದರು ಜಿದ್ದಾದಲ್ಲಿದ್ದ ತಮ್ಮ ಪಾಲುದಾರನಿಂದ ಜಾಮೀನು ಪತ್ರ ತರಿಸಿ, ಮಾಲು ಮಾರಿ ಬರಲು ವೆಂಕಟ್ರಮಣನಿಗೆ ಆರು ತಿಂಗಳ ವೀಸಾ ಮಾಡಿಸಿದ್ದರು. "ದೇವರ ಮೂರ್ತಿ ಬೇಡ" ಎಂದು ಹೇಳಿ ಕಳಿಸಿದ್ದರು. ಗಣಪತಿಯಿಲ್ಲದೆ ಮುಚ್ಚಳ ಶುರು ಮಾಡುವುದೇ ಗುಡಿಗಾರನಿಗೆ ಸಂಕಟ. ವೆಂಕಟ್ರಮಣ ಅದನ್ನೂ ನುಂಗಿಕೊಂಡ. ಆದರೆ ಗಿಳಿ? ಹಕ್ಕಿ ಕೂರದ ಬಳ್ಳಿ ಅವನ ಕಣ್ಣಿಗೆ ಅರ್ಧಕ್ಕೆ ಬಿಟ್ಟ ಕೆಲಸ. ಗಿಳಿಯನ್ನು ಯಾವನು ಪೂಜೆ ಮಾಡುತ್ತಾನೆ?

ಹೊಸ ಮುಚ್ಚಳ ತಗೊಂಡ. ಮತ್ತೆ ಗಿಳಿಗಳನ್ನೇ ಕೆತ್ತಿದ.

ಕೂತಲ್ಲಿ ಕೂರುತ್ತಿರಲಿಲ್ಲ ಅವನು. ಜೇಬಿನ ಪಾಸ್‌ಪೋರ್ಟು ಮುಟ್ಟಿ ನೋಡುವನು, ಬೀದಿಗೆ ಹೋಗುವನು, ಬರುವನು, ಉಳಿ ಮಸೆಯುವನು. ಮೂಲೆಯಲ್ಲಿ ಪೆಟ್ಟಿಗೆ ಉಜ್ಜುತ್ತಿದ್ದ ವಾಗ್ದೇವಿಗೂ ನೆಮ್ಮದಿಯಿಲ್ಲ. ‘ಹೇಳಿದ್ರೆ ಮತ್ತೆ ಮಾವನ ಉರಿ ಅಂತಾರೆ, ಹಾಳಾಗಿ ಹೋಗಲಿ’ ಅಂದುಕೊಳ್ಳುವಳು. ಮರುಗಳಿಗೆಗೆ ಅವನ ಬೆರಳುಗಳನ್ನೇ ನೋಡುತ್ತಿರುವಳು.

ಒಂದು ಮಧ್ಯಾಹ್ನ ಅವನ ಪಕ್ಕ ಮಜ್ಜಿಗೆ ತಂದಿಟ್ಟಳು.

"ಇದನ್ನೂ ಕೆಡಿಸಿದೀಯಾ?"

"ಉಪ್ಪು ಜಾಸ್ತಿ ಆಗಿದೆ. ಅಷ್ಟೇ."

ಅವನ ತುಟಿಯಂಚಿನಲ್ಲಿ ನಗು ಬಂದು ಹೋಯಿತು. ಅವಳಿಗೆ ಅಷ್ಟು ಸಾಕಾಗಿತ್ತು... ಅಷ್ಟರಿಂದಲೇ ಅವಳು ಮನಸೋತು ಕೆಟ್ಟಳು.

ಆದರೆ ಹಸನ್ ಸಾಹೇಬರು ಬರುವ ದಿನ ಬೆಳಿಗ್ಗೆ ಎಲ್ಲರೆದುರೇ ಅವನು ಅಂದ: "ಮಂಜುನಾಥಪ್ಪಣ್ಣ, ನಿಮ್ಮ ಸೊಸೇನ ಪೆಟ್ಟಿಗೆ ಹತ್ರ ಬಿಡಬೇಡಿ."

ವಾಗ್ದೇವಿ ಉಜ್ಜುತ್ತಿದ್ದ ಪೆಟ್ಟಿಗೆ ಕೆಳಗಿಟ್ಟಳು. ಚೀಲ ತಗೊಂಡು ತೀರ್ಥಹಳ್ಳಿ ಬಸ್ಸಿಗೆ ನಡೆದಳು.

ಸಾಹೇಬರು ಬಂದರು. ಚಹಾ ಕುಡಿಯುತ್ತ ಪಾಠ ಶುರುಮಾಡಿದರು.

"ಕೊಡೋದು ತಗೊಳ್ಳೋದು ಬಲಗೈಲಿ. ಕಾಫಿ ಸಾಕಾದ್ರೆ ಬಟ್ಟಲು ಸ್ವಲ್ಪ ಅಲ್ಲಾಡಿಸು, ಇಲ್ದಿದ್ರೆ ಹುಯ್ತಾನೇ ಇರ್ತಾರೆ. ಹೆಂಡತಿ ಹೇಗಿದಾರೆ ಅಂತ ಕೇಳಬೇಡ ಮಾರಾಯ, ಮನೆಯವರೆಲ್ಲ ಕ್ಷೇಮವಾ ಅನ್ನು, ಸಾಕು. ನಮಾಜಿನ ಹೊತ್ತಲ್ಲಿ ವ್ಯಾಪಾರದ ಮಾತೆತ್ತಬೇಡ. ಪಾಸ್‌ಪೋರ್ಟು ನಮ್ಮ ಪಾಲುದಾರನ ಹತ್ರ ಇರ್ತದೆ. ಅವನ ಒಪ್ಪಿಗೆ ಇಲ್ದೆ ವಾಪಸ್ ಹಡಗು ಹತ್ತೋಕಾಗಲ್ಲ."

ಅಷ್ಟರಲ್ಲಿ ಅವರ ಕಣ್ಣು ಮುಚ್ಚಳದ ಮೇಲೆ ಬಿತ್ತು.

"ಇದೇನಿದು?"

"ಗಿಳಿ ಸಾಹೇಬ್ರೇ. ದೇವರಲ್ಲ."

"ಜೀವ ಇರೋ ಪ್ರಾಣಿ ಪಕ್ಷಿ ಯಾವುದೂ ಬೇಡ ಅಂತ ಬಿಡಿಸಿ ಹೇಳಬೇಕಿತ್ತು, ನಂದೇ ತಪ್ಪು. ಅಲ್ಲಿ ಇದನ್ನೂ ವಿಗ್ರಹ ಅಂತಾರೆ, ಬಂದರಲ್ಲೇ ಹಿಡೀತಾರೆ. ಮಾಲಿನ ಜೊತೆ ನಿನ್ನನ್ನೂ. ಬರೀ ಬಳ್ಳಿ, ಹೂವು ಕೆತ್ತು."

ವೆಂಕಟ್ರಮಣನ ಮುಖ ಬಿಳಿಚಿತು. ಮಂಜುನಾಥಪ್ಪ ಮೆಲ್ಲಗೆ ಅಂದರು: "ವಾಗ್ದೇವಿ ಅಣ್ಣ ಗಂಧದ ಆನೆ ಹೊತ್ಕೊಂಡು ಅಲ್ಲಿಗೆ ಹೋಗಿ ಹೀಗೇ ಸಿಕ್ಕಿಬಿದ್ದಿದ್ದ ಕಣೋ. ತಿಂಗಳುಗಟ್ಟಲೆ ಸುದ್ದಿಯೇ ಇರಲಿಲ್ಲ. ಬರಿಗೈಲಿ ವಾಪಸ್ ಕಳಿಸಿದ್ರು. ಈಗ ಅವನು ಯಾರ ಹತ್ರಾನೂ ಮಾತಾಡಲ್ಲ."

ಅವರ ಮಾತು ಮುಗಿಯುವ ಮೊದಲೇ ವೆಂಕಟ್ರಮಣ ಎದ್ದಿದ್ದ. ಬಸ್ಸಿನ ಕಡೆ ಓಡಿದ; ಅದು ಹೊರಟುಹೋಗಿತ್ತು.

ಸಿಕ್ಕಿದ ಲಾರಿ ಹತ್ತಿದ. ಹೊಸನಗರದಲ್ಲಿ ಬಸ್ಸು ನಿಂತಿತ್ತು, ಡ್ರೈವರು ಚಹಾಕ್ಕೆ ಇಳಿದಿದ್ದ. ಕಿಟಕಿಯಲ್ಲಿ ಅವಳ ಮುಖ.

"ವಾಗ್ದೇವಿ, ಇಳಿ."

"ಯಾಕೆ, ಚೀಲ ಹುಡುಕೋಕೆ ಬಂದ್ರಾ? ಉಳಿ ಕದ್ದಿಲ್ಲ."

"ತಪ್ಪಾಯ್ತು. ನಿನ್ನ ಮಾತು ನಾನು ಕೇಳಬೇಕಿತ್ತು."

ಅವಳು ಚೀಲ ಮಡಿಲಿಗೆಳೆದುಕೊಂಡಳು. "ಅಣ್ಣನ ದಾರಿ ಕಾದು ಕಾದು ಅವ್ವ ಅರ್ಧ ಆಗಿದ್ಲು. ಇನ್ನೊಬ್ಬ ಅವ್ವ ಹಾಗೆ ಕಾಯೋದು ಬೇಡ ಅಂತ ಗಿಳಿ ಕೆತ್ತಿ ತೆಗೆದೆ. ಈಗ ನೋಡಿದ್ರೆ, ನಿಮ್ಮ ದಾರಿ ಕಾಯೋಕೆ ನಂಗೆ ಯಾವ ಹಕ್ಕೂ ಇಲ್ಲ. ಆದ್ರೂ ಕಾಯ್ತೀನಿ."

ಅವನು ಕಿಟಕಿಯ ಸರಳು ಹಿಡಿದು ನಿಂತುಬಿಟ್ಟ. ಕಣ್ಣು ಹನಿಗೂಡಿತ್ತು.

"ಹಡಗು ಹೊರಡೋ ಮುಂಚೆ ಮದುವೆ ಆಗಿಬಿಡೋಣ."

"ಬೇಡ. ಬಂದ ಮೇಲೆ ತಾಳಿ ಕಟ್ಟಿ."

"ನನ್ನ ಮೇಲೆ ನಂಬಿಕೆ ಇಲ್ವಾ?"

"ನಂಬಿಕೆ ಇದೆ. ವಾಪಸ್ ಬರೋಕೆ ನಿಮಗೊಂದು ಅವಸರ ಇರಲಿ ಅಂತ."

"ಹತ್ತೋರು ಹತ್ತಿ, ಅಳೋರು ಆಮೇಲೆ ಅಳಿ," ಕಂಡಕ್ಟರು ಕೂಗಿದ.

ವೆಂಕಟ್ರಮಣ ಹತ್ತಿಬಿಟ್ಟ. "ಒಂದು ತೀರ್ಥಹಳ್ಳಿ."

"ನೀವೆಲ್ಲಿಗೆ?" ವಾಗ್ದೇವಿ ಕೇಳಿದಳು.

"ನಿಮ್ಮಪ್ಪನ ಹತ್ರ. ಆರು ತಿಂಗಳು ಮಗಳನ್ನ ಯಾರಿಗೂ ಕೊಡಬೇಡಿ ಅಂತ ಕೇಳೋಕೆ."

"ಆರು ತಿಂಗಳಾದ ಮೇಲೆ?"

"ಕೊಡಿ ಅಂತ ಕೇಳೋಕೆ ನಾನೇ ಬಾಗಿಲಲ್ಲಿ ಇರ್ತೀನಿ."

ವಾಗ್ದೇವಿ ಕಣ್ಣೊರೆಸಿಕೊಂಡು ಕಿಟಕಿಯ ಕಡೆಗೆ ಸರಿದು ಕೂತಳು.

"ನಿಂತೇ ಬರ್ತೀರಾ? ಕೂತ್ಕೊಳ್ಳಿ."