ಅಬ್ಬಾ ಪಾಲಿಶ್ ಹೊಡೆದ ದಾರಿ

"ಅಬ್ಬಾ, ಗಾಡಿ ಜಾರಾಕತ್ತದ! ಹಿಡಿ, ಹಿಡಿ!"

ಜಬೀನಾ ಗಾಲಿಕುರ್ಚಿಯ ಚಕ್ರಗಳನ್ನು ಬಿಗಿಯಾಗಿ ಹಿಡಿದಳು. ಒದ್ದೆ ಚಕ್ರ ಅಂಗೈಯಿಂದ ನುಣುಚಿತು. ಹಿಂದಿನಿಂದ ನೂಕುತ್ತಿದ್ದ ಅಬ್ಬಾನ ಕಾಲೂ ಜಾರಿತು. ಅಪ್ಪ, ಮಗಳು, ಕುರ್ಚಿ ಎಲ್ಲ ಮತ್ತೆ ಶಾಲೆಯ ರ‍್ಯಾಂಪಿನ ಬುಡಕ್ಕೇ ಬಂದರು.

"ಇನ್ನೊಮ್ಮಿ ನೋಡೂಣು," ಎಂದ ಅಬ್ಬಾ ಏದುಸಿರು ಬಿಡುತ್ತ.

ಮಳೆ ಹೊಡೆಯುತ್ತಲೇ ಇತ್ತು. ಕಾಗಿಣಾ ಹೊಳೆ ಬೆಳಿಗ್ಗೆಯೇ ಮಳಖೇಡದ ಅವರ ಓಣಿಗೆ ನುಗ್ಗಿತ್ತು. ಮನೆಯೊಳಗೆ ಮಂಚದ ಮಟ್ಟಕ್ಕೆ ನೀರು. ಓಣಿಯವರೆಲ್ಲ ಜಬೀನಾಳ ಶಾಲೆಗೆ ಬಂದು ಸೇರುತ್ತಿದ್ದರು.

ಈ ರ‍್ಯಾಂಪು ಮೊದಲು ಬರೀ ಒರಟು ಸಿಮೆಂಟಿನದಾಗಿತ್ತು. ಅಬ್ಬಾ ಹಾಜಿಮಲಂಗ್, ನೆಲಕ್ಕೆ ಹಾಸುವ ಶಹಾಬಾದಿ ಪರಸಿ ಕಲ್ಲಿಗೆ ಪಾಲಿಶ್ ಹೊಡೆಯುವವನು. "ನನ್ನ ಬೇಟಿ ಹೋಗೋ ಹಾದಿ ಹಿಂಗ ಇರಬೇಕೇನ್ರಿ?" ಎಂದು ಹೆಡ್‌ಮಾಸ್ತರರನ್ನು ಕೇಳಿ, ರಜೆಯಲ್ಲಿ ತಾನೇ ಪರಸಿ ಹಾಸಿದ್ದ. ಕನ್ನಡಿಯ ಹಾಗೆ ಹೊಳೆಯುವವರೆಗೆ ಉಜ್ಜಿದ್ದ. ಹುಡುಗರು ಅದರಲ್ಲಿ ಮುಖ ನೋಡಿ ಹಲ್ಲು ಕಿರಿಯುತ್ತಿದ್ದರು. ಬಿಸಿಲಿನಲ್ಲಿ ಜಬೀನಾ ಸರ್ರನೆ ಏರಿ ಹೋಗುತ್ತಿದ್ದಳು. ಮಳೆ ಬಂದ ದಿನ ಅವಳು ಶಾಲೆಗೇ ಬರುತ್ತಿರಲಿಲ್ಲ. ಹಾಗಾಗಿ ಒದ್ದೆಯಾದರೆ ಅದರ ಮೇಲೆ ಗಾಲಿ ಜಾರುತ್ತದೆಂದು ಯಾರಿಗೂ ಗೊತ್ತಾಗಿರಲಿಲ್ಲ.

"ಏ ಹಾಜಿ, ಕುರ್ಚಿ ಬಿಡೋ ತಮ್ಮಾ! ಹುಡುಗೀನ್ ಕೊಡು ಇಲ್ಲಿ," ಎಂದು ನೆರೆಮನೆಯ ಜಗದೇವಪ್ಪ ಕಾಕಾ ಇಳಿದು ಬಂದ.

ಜೋಳದ ಚೀಲ ಹೊರುವಂತೆ ಅವಳನ್ನು ಹೆಗಲಿಗೆ ಹಾಕಿಕೊಂಡ. ಅವಳ ತಲೆ ಕೆಳಗಾಯಿತು. ಫ್ರಾಕು ಸರಿಯಿತು. ಎಳೆದುಕೊಳ್ಳಲು ಕೈ ಎಟುಕಲಿಲ್ಲ. ವರಾಂಡದ ಮಂದಿ ದಾರಿ ಬಿಡುತ್ತ ನೋಡುತ್ತಿದ್ದರು. ಅವಳ ಕ್ಲಾಸಿನ ಮುಕ್ರಮ ನಗಲು ಹೋಗಿ, ನಗುವನ್ನು ನುಂಗಿಕೊಂಡ. ನಕ್ಕಿದ್ದರೇ ಚೆನ್ನಾಗಿತ್ತು ಅನಿಸಿತು ಜಬೀನಾಗೆ.

ಐದನೇ ಕ್ಲಾಸಿನ ಕಿಟಕಿಯ ಹತ್ತಿರ ಚಾಪೆಯ ಮೇಲೆ ಅವಳನ್ನು ಕೂಡಿಸಿದರು.

"ಸರ್, ನನ್ನ ಕುರ್ಚಿ?"

"ಮಂದಿ ಕುಂದರಾಕನ ಜಾಗಾ ಸಾಲವಲ್ದವ್ವ," ಎಂದರು ಹೆಡ್‌ಮಾಸ್ತರ್ ಸುರೇಶಕುಮಾರ. "ಹೊರಗ ಬೇವಿನ ಗಿಡಕ್ಕ ಕಟ್ಟಿಸೀನಿ."

ಗೆಳತಿ ಲುಂಬಿನಿ ಬಿಸ್ಕಿಟ್ ಕಡಿಯುತ್ತ ಬಂದು ಪಕ್ಕದಲ್ಲಿ ಕುಳಿತಳು. "ಚಾ ಕೊಡಾಕತ್ತಾರ. ತರ್ಲೇನು?"

"ಬಾತ್‌ರೂಮಿಗಿ ಎಲ್ಲಿ ಹೋಗಾಕತ್ತಾರ?"

"ಎಲ್ಲಿ ಅಂದ್ರ? ನಮ್ಮ ಸಾಲಿದs. ಹಿಂದಿನ ಬಾಗಿಲದಿಂದ ಪಾವಟಿಗಿ ಇಳದು..." ಲುಂಬಿನಿ ಜಬೀನಾಳ ಕಾಲಿನ ಕಡೆ ನೋಡಿದಳು. ಹಿಂದಿನ ಬಾಗಿಲಿಗೆ ಬರೀ ಮೆಟ್ಟಿಲುಗಳಿದ್ದವು, ರ‍್ಯಾಂಪು ಇರಲಿಲ್ಲ.

ದಿನಾ ಮಧ್ಯಾಹ್ನ ಅಮ್ಮಿ ಬಂದು ಜಬೀನಾಳನ್ನು ಇದಕ್ಕೆಂದೇ ಮನೆಗೆ ಕರೆದೊಯ್ಯುತ್ತಿದ್ದಳು. ಮನೆ ಈಗ ನೀರಿನಲ್ಲಿತ್ತು. ಚಿಂಚೋಳಿಗೆ ಹೋಗಿದ್ದ ಅಮ್ಮಿ, ಸೇತುವೆ ಮುಳುಗಿ ಅಲ್ಲೇ ಉಳಿದಿದ್ದಳು. ಇನ್ನು ಯಾರಾದರೊಬ್ಬ ಕಾಕಾನ ಹೆಗಲೇ ಗತಿ. ಮತ್ತೆ ಇಷ್ಟೂ ಮಂದಿಯ ನಡುವೆ.

ಹೊರಗೆ ಟಕ್ ಟಕ್ ಸದ್ದು ಕೇಳಿಸಿತು. ಜಬೀನಾ ಕಿಟಕಿಯ ಸರಳು ಹಿಡಿದು ಬಗ್ಗಿ ನೋಡಿದಳು.

ಅಬ್ಬಾ ಮಳೆಯಲ್ಲಿ ಮೊಣಕಾಲೂರಿ ಕುಳಿತಿದ್ದ. ಉಳಿ ಹಿಡಿದು ತಾನೇ ಹೊಳೆಯಿಸಿದ ಪರಸಿಯನ್ನು ಕೆತ್ತಿ ಕೆತ್ತಿ ಒರಟು ಮಾಡುತ್ತಿದ್ದ.

"ಈಗ್ಯಾಕೋ ಹಾಜಿ? ಹುಡುಗಿ ಒಳಗ ಹೋದ್ಳಲ್ಲ!" ಎಂದು ಜಗದೇವಪ್ಪ ಕೂಗಿದ. "ಎದ್ದು ಬಾ, ನೀರು ಏರಾಕತ್ತದ!"

ಅಬ್ಬಾ ತಲೆ ಎತ್ತಲಿಲ್ಲ. ರ‍್ಯಾಂಪಿನ ಕೆಳಗಿನ ಕಲ್ಲು ಕೆಂಪು ನೀರಿನಲ್ಲಿ ಮುಳುಗಿತು. ಅವನು ಹಿಂದೆ ಸರಿದು ಮೇಲಿನ ಕಲ್ಲಿಗೆ ಉಳಿ ಇಟ್ಟ. ಅದೂ ಮುಳುಗಿತು. ಬೇವಿನ ಗಿಡದ ಕೆಳಗೆ ಕುರ್ಚಿಯ ಚಕ್ರ ಕಾಣಿಸುತ್ತಿರಲಿಲ್ಲ. ಹಿಡಿಕೆ ಮಾತ್ರ ಕಾಣುತ್ತಿತ್ತು.

ಬಹಳ ಹೊತ್ತಿನ ಮೇಲೆ ಅಬ್ಬಾ ಒಳಗೆ ಬಂದ. ಕೈಯಲ್ಲಿ ಚಾ ಇತ್ತು. ಬೆರಳುಗಳಿಗೆ ಕಲ್ಲಿನ ಪುಡಿ ಮೆತ್ತಿತ್ತು. 

"ಮುಂಜಾನಿಂದ ಹನಿ ನೀರು ಕುಡದಿಲ್ಲ ನೀ. ತಗೋ ಬೇಟಿ, ಬಿಸಿ ಅದ. ಸಕ್ರಿ ಭಾಳ ಹಾಕ್ಸೀನಿ."

ಜಬೀನಾಳ ತುಟಿ ಒಣಗಿತ್ತು. ಏಲಕ್ಕಿಯ ವಾಸನೆ ಮೂಗಿಗೆ ಬಡಿಯಿತು. ಬಾತ್‌ರೂಮಿಗೆ ಹೋಗುವ ಹಿಂದಿನ ಬಾಗಿಲಿನ ಕಡೆ ನೋಡಿದಳು. ಅಲ್ಲಿಯವರೆಗೂ ಮಂದಿ ಒತ್ತಾಗಿ ಕುಳಿತಿದ್ದರು.

"ಒಂದs ಗುಟುಕು," ಎಂದ ಅಬ್ಬಾ. ಕಪ್ಪನ್ನು ಅವಳ ತುಟಿಯ ಹತ್ತಿರ ಹಿಡಿದ.

"ಬ್ಯಾಡ," ಎಂದಳು ಜಬೀನಾ.